ಗಾಳಿಯ ಬಾಬ್ತು ಎಲ್ಲಿ ಬರೆದಿದೆ?

ಕಳೆದ ತಿಂಗಳು ಸಂಘದ ಸಮಿತಿ ಸಭೆ ಮುಗಿದು ಎಲ್ಲರೂ ಕಾಫಿ ಲೋಟ ಹಿಡಿದು ನಿಂತಿದ್ದಾಗ, ನಮ್ಮ ಸದಸ್ಯರೊಬ್ಬರು ಚೀಲದಿಂದ ಆರು ಹಾಳೆಯ ಒಂದು ಕಟ್ಟು ತೆಗೆದು ನನ್ನ ಕೈಗಿತ್ತರು. ಮೇಡವಾಕ್ಕಂ ಕಡೆ ಅವರದು ಸ್ವಂತ ಮನೆ. ತಾರಸಿಯ ಮೇಲೆ ತಗಡಿನ ಮಾಡು ಹಾಕಿಸಿ, ಮೊಮ್ಮಗಳ ನೃತ್ಯಾಭ್ಯಾಸಕ್ಕೂ ಹಬ್ಬ ಹರಿದಿನಕ್ಕೂ ಆಗುವಂತೆ ಒಂದು ದೊಡ್ಡ ಜಾಗ ಮಾಡಿಕೊಳ್ಳಬೇಕೆಂಬುದು ಅವರ ಬಹುದಿನದ ಆಸೆ. ಬೆಂಗಳೂರಿನಲ್ಲಿರುವ ಸೋದರಳಿಯ ಕಂಪ್ಯೂಟರಿನಲ್ಲಿ ಎಸ್ಟಿಮೇಟ್ ಮಾಡಿ ಕಳಿಸಿದ್ದಾನೆ.

"ಅದಕ್ಕೇ ಅಂತ ಸಾಫ್ಟ್‌ವೇರ್ ಇದೆಯಂತೆ ಸಾರ್. ಅರ್ಧ ಗಂಟೆಯಲ್ಲಿ ಮುಗಿಸಿದನಂತೆ. ನೋಡಿ, ಪೈಸೆ ಲೆಕ್ಕವೂ ಇದೆ" ಎಂದರು.

ಇತ್ತು. ಕಂಬ, ಅಡ್ಡಪಟ್ಟಿ, ಶೀಟು, ಬಣ್ಣ, ಕೂಲಿ, ಸಾಗಣೆ, ಜಿ.ಎಸ್.ಟಿ. ಎಲ್ಲವೂ ಒಪ್ಪವಾಗಿತ್ತು. ನಾನು ಕನ್ನಡಕ ತೆಗೆದು, "ಎಲ್ಲ ಸರಿಯಾಗಿದೆ ಸ್ವಾಮಿ, ಆದರೆ ಗಾಳಿಯ ಬಾಬ್ತು ಎಲ್ಲಿ ಬರೆದಿದೆ?" ಎಂದು ಕೇಳಿದೆ.

"ಗಾಳಿಗೆ ಯಾರು ಸಾರ್ ದುಡ್ಡು ಕೊಡುತ್ತಾರೆ!" ಎಂದು ಅವರು ನಕ್ಕರು. ಸುತ್ತ ಇದ್ದವರೂ ನಕ್ಕರು. ಈ ತಿಂಗಳ ಅಂಕಣಕ್ಕೆ ಅದೇ ವಿಷಯ.

ನಾನು ಕೆಲಸಕ್ಕೆ ಸೇರಿದ ಕಾಲದಲ್ಲಿ ಅಂದಾಜುಪಟ್ಟಿ ಎಂದರೆ ಉದ್ದಗಲದ ಹಾಳೆ, ಪೆನ್ಸಿಲ್, ಕಾರ್ಬನ್ ಕಾಗದ ಮತ್ತು ಕೈಯಿಂದ ತಿರುಗಿಸುವ ಫೆಸಿಟ್ ಯಂತ್ರ. ನಕ್ಷೆ ಮುಂದಿಟ್ಟುಕೊಂಡು ಒಂದೊಂದು ಗೋಡೆಯ ಉದ್ದ, ಅಗಲ, ಎತ್ತರ ಬರೆಯುತ್ತ ಹೋಗಬೇಕು. ಬಾಗಿಲು ಕಿಟಕಿಯ ಜಾಗ ಕಳೆಯಬೇಕು. ಆಮೇಲೆ ಎಲ್ಲವನ್ನೂ ಒಟ್ಟುಗೂಡಿಸಿ ದರದಿಂದ ಗುಣಿಸಬೇಕು. ಮುಂದೆ ಲೋಟಸ್ 1-2-3 ಬಂತು, ಅದರ ಹಿಂದೆಯೇ ಎಕ್ಸೆಲ್ ಬಂತು. ಈಗಿನ ಸಾಫ್ಟ್‌ವೇರುಗಳು ಇನ್ನೂ ಮುಂದೆ ಹೋಗಿವೆ. ನಕ್ಷೆಯನ್ನು ಪರದೆಯ ಮೇಲೆ ತೆರೆದರೆ ಬಾಗಿಲುಗಳನ್ನು ತಾವೇ ಎಣಿಸುತ್ತವೆ, ಕಾಂಕ್ರೀಟಿನ ಘನ ಅಳತೆಯನ್ನು ತಾವೇ ತೆಗೆಯುತ್ತವೆ, ದರಪಟ್ಟಿಯಿಂದ ದರವನ್ನೂ ತಾವೇ ಎತ್ತಿಕೊಳ್ಳುತ್ತವೆ. ನಾಲ್ಕು ದಿನದ ಕೆಲಸ ನಾಲ್ಕು ಗಳಿಗೆಯಲ್ಲಿ ಮುಗಿಯುತ್ತದೆ, ಕೂಡುವುದರಲ್ಲಿ ತಪ್ಪೂ ಆಗುವುದಿಲ್ಲ. ಹಳೆಯ ಕಾಲವೇ ಚೆನ್ನಾಗಿತ್ತು ಎಂದು ಹಲುಬುವವರ ಗುಂಪಿಗೆ ನಾನು ಸೇರಿದವನಲ್ಲ. ಫೆಸಿಟ್ ಹಿಡಿಕೆ ತಿರುಗಿಸಿ ತೋಳು ನೋಯಿಸಿಕೊಂಡವರು ಯಾರೂ ಹಾಗೆ ಹೇಳಲಾರರು.

ಆದರೆ ಸಾಫ್ಟ್‌ವೇರ್ ಎಣಿಸುವುದು ನಕ್ಷೆಯಲ್ಲಿ ಬರೆದದ್ದನ್ನು ಮಾತ್ರ. ಬಿರುಗಾಳಿಯನ್ನು ಯಾರೂ ನಕ್ಷೆಯಲ್ಲಿ ಬರೆಯುವುದಿಲ್ಲ.

ಗಾಳಿಗೂ ಒಂದು ಲೆಕ್ಕವಿದೆ. ಭಾರತೀಯ ಮಾನಕ ಸಂಸ್ಥೆಯ ಐ.ಎಸ್. 875ರ 3ನೇ ಭಾಗದಲ್ಲಿ ದೇಶದ ಗಾಳಿಯ ನಕಾಶೆ ಕೊಟ್ಟಿದ್ದಾರೆ. ಸಾಧಾರಣವಾಗಿ 50 ವರ್ಷಕ್ಕೊಮ್ಮೆ ಬರಬಹುದಾದ ಜೋರು ಗಾಳಿಯ ವೇಗವನ್ನು ಅದರಲ್ಲಿ ಊರೂರಿಗೆ ಹೇಳಿದೆ. ಸೆಕೆಂಡಿಗೆ ಇಷ್ಟು ಮೀಟರು ಎಂಬುದು ಅದರ ಅಳತೆ. ಬೆಂಗಳೂರು, ಮೈಸೂರಿಗೆ 33. ಮಂಗಳೂರು, ಪುಣೆಗೆ 39. ಮುಂಬಯಿ, ಹೈದರಾಬಾದಿಗೆ 44. ದೆಹಲಿಗೆ 47. ನಮ್ಮ ಚೆನ್ನೈಗೆ 50, ಅಂದರೆ ಗಂಟೆಗೆ 180 ಕಿಲೋಮೀಟರು.

33 ಎಲ್ಲಿ, 50 ಎಲ್ಲಿ, ಒಂದೂವರೆ ಪಟ್ಟು ತಾನೇ ಎಂದು ನಿಮಗೆ ಅನ್ನಿಸಬಹುದು. ಹಾಗಲ್ಲ. ಗಾಳಿಯ ಒತ್ತಡ ವೇಗದ ವರ್ಗದಂತೆ ಏರುತ್ತದೆ. ವೇಗವನ್ನು ಅದರಿಂದಲೇ ಗುಣಿಸಿ, ಬಂದದ್ದನ್ನು 0.6ರಿಂದ ಗುಣಿಸಿದರೆ ಚದರ ಮೀಟರಿಗೆ ಎಷ್ಟು ನ್ಯೂಟನ್ ಎಂಬುದು ಸಿಗುತ್ತದೆ. ಬೆಂಗಳೂರಿಗೆ ಈ ಲೆಕ್ಕ ಹಾಕಿದರೆ ಚದರ ಮೀಟರಿಗೆ ಸುಮಾರು 66 ಕೆ.ಜಿ. ಭಾರದಷ್ಟು ಒತ್ತಡ. ಚೆನ್ನೈಗೆ ಹಾಕಿದರೆ ಸುಮಾರು 150 ಕೆ.ಜಿ. ಎರಡು ಪಟ್ಟಿಗೂ ಮಿಕ್ಕಿತು. ಬೆಂಗಳೂರಿನ ಮಾಡನ್ನು ಎತ್ತಿ ಮೇಡವಾಕ್ಕಂನಲ್ಲಿ ಇಟ್ಟರೆ ಆಗುವ ಎಡವಟ್ಟು ಇದೇ.

ನಮ್ಮ ಸದಸ್ಯರ ಮಾಡಿನ ಅಳತೆ 12 ಮೀಟರು ಉದ್ದ, 6 ಮೀಟರು ಅಗಲ. 72 ಚದರ ಮೀಟರು. ಗಾಳಿ ಮಾಡನ್ನು ಕೆಳಕ್ಕೆ ಒತ್ತುತ್ತದೆ ಎಂದು ಎಲ್ಲರೂ ತಿಳಿದಿರುತ್ತಾರೆ. ಹೆಚ್ಚು ಇಳಿಜಾರಿಲ್ಲದ ಮಾಡನ್ನು ಅದು ಬಹುಮಟ್ಟಿಗೆ ಮೇಲಕ್ಕೆ ಹೀರುತ್ತದೆ. ಗಾಳಿಗೆ ಒಂದು ಬಾಗಿಲೋ ಕಿಟಕಿಯೋ ಕಿತ್ತುಹೋದರೆ ಒಳನುಗ್ಗಿದ ಗಾಳಿ ಕೆಳಗಿನಿಂದಲೂ ತಳ್ಳುತ್ತದೆ. ಚದರ ಮೀಟರಿಗೆ 150 ಕೆ.ಜಿ. ಎಂದು ಒರಟಾಗಿ ಹಿಡಿದರೆ ಇಡೀ ಮಾಡನ್ನು ಮೇಲಕ್ಕೆಳೆಯುವ ಬಲ ಸುಮಾರು 11 ಟನ್. ಶೀಟು, ಅದರ ಕೆಳಗಿನ ಕಬ್ಬಿಣ ಎಲ್ಲ ಸೇರಿ ತೂಕ ಒಂದು ಟನ್ ಇದ್ದರೆ ಹೆಚ್ಚು. ಉಳಿದ 10 ಟನ್ನನ್ನು ಹಿಡಿದು ನಿಲ್ಲಿಸಬೇಕಾದವು ಅವರ ಹತ್ತು ಕಂಬಗಳು. ಕಂಬಕ್ಕೆ ಒಂದು ಟನ್. ಎಂಜಿನಿಯರು ಕೂತು ಎತ್ತರ, ಸುತ್ತಲಿನ ಕಟ್ಟಡಗಳು, ಮಾಡಿನ ಆಕಾರ ಎಲ್ಲ ಸೇರಿಸಿ ಲೆಕ್ಕ ಮಾಡಿದರೆ ಈ ಅಂಕಿ ಸ್ವಲ್ಪ ಹೆಚ್ಚು ಕಡಿಮೆಯಾದೀತು. ಆದರೆ ಕಂಬದ ಬುಡದ ತಟ್ಟೆಗೆ ಎರಡು ಬೋಲ್ಟು ಹೊಡೆದು, ಮೇಲೆ ಸಿಮೆಂಟು ಬಳಿದು ಹೋಗುವ ಮೇಸ್ತ್ರಿಯ ಮನಸ್ಸಿನಲ್ಲಿ ಈ ಒಂದು ಟನ್ ಎಂಬ ಮಾತೇ ಇರುವುದಿಲ್ಲ. ಎಸ್ಟಿಮೇಟಿನಲ್ಲಿ ಇದ್ದಿದ್ದರೆ ಅವನ ಮನಸ್ಸಿಗೂ ಬರುತ್ತಿತ್ತು.

ಇದಕ್ಕೆ ನಾವೆಲ್ಲ ಕಣ್ಣಾರೆ ಕಂಡ ಸಾಕ್ಷಿಯಿದೆ. 2016ರ ಡಿಸೆಂಬರ್ 12ರಂದು ವರ್ಧಾ ಚಂಡಮಾರುತ ಚೆನ್ನೈಯ ಮೇಲೇ ಹಾದುಹೋಯಿತು. ಮಧ್ಯಾಹ್ನದವರೆಗೆ ಒಂದು ದಿಕ್ಕಿನಿಂದ ಬೀಸಿ, ನಡುವೆ ಕೆಲಹೊತ್ತು ತಣ್ಣಗಾಗಿ, ಮುಗಿಯಿತೆಂದು ಜನ ಹೊರಗೆ ಬರುವಷ್ಟರಲ್ಲಿ ಎದುರು ದಿಕ್ಕಿನಿಂದ ಮತ್ತೆ ಬೀಸಿತು. ಸಾವಿರಾರು ಮರಗಳು ಉರುಳಿದವು, ಬೀದಿ ಬೀದಿಗಳಲ್ಲಿ ತಗಡುಗಳು ಬಿದ್ದಿದ್ದವು. ಅಂದಿನ ಗಾಳಿಯ ವೇಗ ಗಂಟೆಗೆ ಸುಮಾರು 110ರಿಂದ 130 ಕಿಲೋಮೀಟರು. ನಕಾಶೆ ಚೆನ್ನೈಗೆ ಹೇಳಿರುವುದು 180. ಒತ್ತಡದ ಲೆಕ್ಕದಲ್ಲಿ ಹೇಳುವುದಾದರೆ, ನಮ್ಮ ಕಟ್ಟಡಗಳು ತಡೆಯಬೇಕೆಂದು ನಿಯಮ ಹೇಳುವ ಒತ್ತಡದ ಅರ್ಧದಷ್ಟೇ ಅಂದು ಬಿದ್ದದ್ದು. ಅಷ್ಟಕ್ಕೇ ಆ ಅವಸ್ಥೆ. ಅಂದು ಹಾರಿಹೋದ ಮಾಡುಗಳನ್ನು ಮತ್ತೆ ಹಾಕಿಸಿದವರಲ್ಲಿ ಬಹುಮಂದಿ ಹಿಂದಿನಂತೆಯೇ ಹಾಕಿಸಿಕೊಂಡಿದ್ದನ್ನೂ ನಾನು ನೋಡಿದ್ದೇನೆ.

ದೊಡ್ಡ ಕಟ್ಟಡಗಳೇನೂ ಇದಕ್ಕೆ ಹೊರತಲ್ಲ. 2014ರ ಅಕ್ಟೋಬರ್ 12ರಂದು ಹುದ್‌ಹುದ್ ಚಂಡಮಾರುತ ವಿಶಾಖಪಟ್ಟಣಕ್ಕೆ ಬಡಿದಾಗ ಅಲ್ಲಿನ ವಿಮಾನ ನಿಲ್ದಾಣದ ಚಾವಣಿಯೇ ತೀವ್ರವಾಗಿ ಹಾಳಾಯಿತು. ಇಂಥ ಕಡೆ ಸಾಮಾನ್ಯವಾಗಿ ಕಂಬ, ತೊಲೆಗಳು ನಿಂತಿರುತ್ತವೆ, ಹೊದಿಕೆ ಹೋಗಿರುತ್ತದೆ. ಏಕೆಂದರೆ ಕಂಬ, ತೊಲೆಗಳನ್ನು ಒಬ್ಬ ಎಂಜಿನಿಯರು ಲೆಕ್ಕ ಹಾಕಿರುತ್ತಾನೆ. ಹೊದಿಕೆ ಹಿಡಿದಿಡುವ ಸ್ಕ್ರೂಗಳನ್ನು ಯಾರು ಲೆಕ್ಕ ಹಾಕುತ್ತಾರೆ?

ಇಲ್ಲಿ ನಮ್ಮ ವೃತ್ತಿಯ ಒಂದು ಗುಟ್ಟು ಹೇಳಬೇಕು. ದರಪಟ್ಟಿಯಲ್ಲಿ ಶೀಟಿನ ಬಾಬ್ತು ಹೀಗಿರುತ್ತದೆ: ಇಷ್ಟು ದಪ್ಪದ ಶೀಟು, ಹುಕ್ಕು, ಬೋಲ್ಟು, ನಟ್ಟು, ವಾಷರು ಅಥವಾ ಸ್ಕ್ರೂಗಳಿಂದ ಕೂಡಿಸುವುದೂ ಸೇರಿದಂತೆ, ಕಂಪ್ಲೀಟ್, ಚದರ ಮೀಟರಿಗೆ ಇಷ್ಟು ರೂಪಾಯಿ. ಈ "ಸೇರಿದಂತೆ", "ಕಂಪ್ಲೀಟ್" ಎಂಬ ಎರಡು ಪದಗಳು ಎಷ್ಟು ಮಾಡುಗಳನ್ನು ನುಂಗಿವೆಯೋ! ಸ್ಕ್ರೂ ಎಷ್ಟು ಎಂಬುದು ದರ ವಿಶ್ಲೇಷಣೆಯ ಒಳಪುಟದಲ್ಲಿ ಎಲ್ಲೋ ಹುದುಗಿರುತ್ತದೆ. ಬಿಲ್ಲು ಮಾಡುವಾಗ ಅಳೆಯುವುದು ಶೀಟಿನ ಚದರ ಮೀಟರು ಮಾತ್ರ. ಸ್ಕ್ರೂ 180 ಹೊಡೆದರೂ ಅಷ್ಟೇ ದುಡ್ಡು, 300 ಹೊಡೆದರೂ ಅಷ್ಟೇ ದುಡ್ಡು. ಯಾವ ಕಂಟ್ರಾಕ್ಟರು 300 ಹೊಡೆದಾನು? ಅದರಲ್ಲೂ ಟೆಂಡರಿನಲ್ಲಿ ಎಲ್ಲರಿಗಿಂತ ಕಡಿಮೆ ಕೂಗಿ ಕೆಲಸ ಹಿಡಿದವನು ತನ್ನ ನಷ್ಟವನ್ನು ಎಣಿಕೆಗೆ ಬಾರದ ಕಡೆಯಿಂದಲೇ ತುಂಬಿಕೊಳ್ಳಬೇಕು. ಅವನನ್ನು ಬೈದು ಪ್ರಯೋಜನವಿಲ್ಲ, ದಾರಿ ತೋರಿಸಿದವರು ನಾವೇ.

180, 300 ಎಂದದ್ದು ಬಾಯಿಗೆ ಬಂದ ಅಂಕಿಯಲ್ಲ, ಅದೇ ಮಾಡಿನ ಲೆಕ್ಕ. 6 ಮೀಟರು ಅಗಲಕ್ಕೆ ಒಂದೂವರೆ ಮೀಟರಿಗೊಂದರಂತೆ ಐದು ಸಾಲು ಪರ್ಲಿನ್, ಒಟ್ಟು 60 ಮೀಟರು. ಮೀಟರಿಗೆ ಮೂರರಂತೆ 180 ಸ್ಕ್ರೂ, ಐದರಂತೆ 300. ವ್ಯತ್ಯಾಸ 120 ಸ್ಕ್ರೂ. ಒಂದು ಸ್ಕ್ರೂವಿನ ಬೆಲೆ ಮೈಲಾಪುರದ ಹೋಟೆಲಿನ ಒಂದು ಕಾಫಿಗಿಂತ ಕಡಿಮೆ. ಮಾಡಿನ ಅಂಚು ಮತ್ತು ಮೂಲೆಗಳಲ್ಲಿ ಗಾಳಿಯ ಹೀರಿಕೆ ನಡುಭಾಗದ ಎರಡರಷ್ಟಾದರೂ ಇರುತ್ತದೆ. ಆದ್ದರಿಂದ ಎಲ್ಲ ಕಡೆಯೂ ಐದು ಬೇಕೆಂದಿಲ್ಲ, ಅಂಚಿಗೆ ಹೆಚ್ಚು ಹಾಕಿ ನಡುವೆ ಕಡಿಮೆ ಮಾಡಿದರೂ ಆದೀತು. ಹಾರುವ ಮಾಡು ಹೆಚ್ಚಾಗಿ ಮೂಲೆಯಿಂದಲೇ ಬಿಚ್ಚಿಕೊಳ್ಳುತ್ತದೆ. ಒಂದು ಶೀಟು ಎದ್ದರೆ ಪಕ್ಕದ್ದಕ್ಕೆ ದಾರಿಯಾಯಿತು. ಹಾರಿದ ಶೀಟು ಎದುರು ಮನೆಯವರ ಕೊರಳಿಗೆ ಬೀಳುವುದಕ್ಕೂ ಸಾಕು. ಅಡಿಕೆಗೆ ಹೋದ ಮಾನ ಆನೆ ಕೊಟ್ಟರೂ ಬಾರದು ಎಂಬಂತೆ, ಸ್ಕ್ರೂವಿಗೆ ಹೋದ ಜೀವಕ್ಕೆ ಏನು ಕೊಡುವುದು?

ಮಂಗಳೂರು, ಉಡುಪಿ, ಕಾರವಾರದ ಕಡೆ ಊರಮನೆ ಇರುವ ಓದುಗರಿಗೂ ಒಂದು ಮಾತು. ಕೋತಿಗಳ ಕಾಟಕ್ಕೆ ಬೇಸತ್ತು ಹಂಚು ಇಳಿಸಿ ಶೀಟು ಹಾಕಿಸುವ ಪರಿಪಾಠ ಈಚೆಗೆ ಬಹಳವಾಗಿದೆ. ಮಂಗಳೂರು ಹಂಚಿನ ಮಾಡು ಚದರ ಮೀಟರಿಗೆ 40 ಕೆ.ಜಿ.ಗೆ ಕಡಿಮೆಯಿಲ್ಲದೆ ತೂಗುತ್ತದೆ, ಶೀಟು ನಾಲ್ಕೈದು ಕೆ.ಜಿ. ಹಂಚಿನ ಸಂದುಗಳಲ್ಲಿ ಗಾಳಿಯಾಡುವುದರಿಂದ ಒಳಗಿನ ಒತ್ತಡವೂ ಇಳಿಯುತ್ತಿತ್ತು. ಅಜ್ಜನ ಕಾಲದ ಮರದ ಪಕಾಸುಗಳು ಭಾರ ಹೊರಲು ಮಾಡಿದವು, ಎಳೆತ ತಡೆಯಲು ಮಾಡಿದವಲ್ಲ. ಅವುಗಳ ಮೇಲೆಯೇ ಶೀಟು ಬಡಿದರೆ ಮಾಡನ್ನು ಗೋಡೆಗೆ ಹಿಡಿದಿಡುವುದು ಏನೂ ಇರುವುದಿಲ್ಲ. 2021ರ ಮೇ ತಿಂಗಳಲ್ಲಿ ತೌಕ್ತೆ ಚಂಡಮಾರುತ ನಮ್ಮ ಕರಾವಳಿಯ ಪಕ್ಕದಲ್ಲಿ ಹಾದುಹೋದಾಗಲೇ ಎಷ್ಟೋ ಮನೆಗಳಿಗೆ ಪೆಟ್ಟಾಯಿತು. ಶೀಟಿನ ಎಸ್ಟಿಮೇಟ್ ಕೊಟ್ಟವನನ್ನು, ಪಕಾಸಿನಿಂದ ಗೋಡೆಗೆ ಕಬ್ಬಿಣದ ಪಟ್ಟಿ ಎಷ್ಟು ಹಾಕುತ್ತೀಯಪ್ಪ ಎಂದು ಮರೆಯದೆ ಕೇಳಿ.

ಗಾಳಿಯ ಜೊತೆ ನೀರೂ ಬರುತ್ತದೆ. 2015ರ ಡಿಸೆಂಬರ್ ಮೊದಲ ವಾರ ಚೆನ್ನೈ ಮುಳುಗಿದ್ದನ್ನು ಯಾರೂ ಮರೆತಿಲ್ಲ. ತಾಂಬರಂನಲ್ಲಿ ಒಂದೇ ದಿನದಲ್ಲಿ 49 ಸೆಂಟಿಮೀಟರು ಮಳೆ. ಅಂದು ಎಷ್ಟೋ ಅಪಾರ್ಟ್‌ಮೆಂಟುಗಳಲ್ಲಿ ಮೇಲಿನ ಮನೆಗಳೆಲ್ಲ ಒಣಗಿದ್ದವು, ಆದರೆ ಕರೆಂಟಿಲ್ಲ, ಕುಡಿಯಲು ನೀರಿಲ್ಲ, ಲಿಫ್ಟಿಲ್ಲ. ಪ್ಯಾನೆಲ್ ಬೋರ್ಡು, ಜನರೇಟರು, ಸಂಪಿನ ಮೋಟಾರು ಮೂರೂ ಕಾರು ನಿಲ್ಲಿಸುವ ಕೆಳ ಅಂತಸ್ತಿನಲ್ಲಿ ಇದ್ದವು. ಎಸ್ಟಿಮೇಟಿನಲ್ಲಿ ಅದು "ಪ್ಯಾನೆಲ್ ಬೋರ್ಡ್, 1" ಎಂದಷ್ಟೇ ಇರುತ್ತದೆ. ನೆಲದಲ್ಲಿಟ್ಟರೂ ಒಂದೇ, ಎರಡು ಮೀಟರು ಎತ್ತರದ ಕಟ್ಟೆಯ ಮೇಲಿಟ್ಟರೂ ಒಂದೇ. ಎಷ್ಟು ಎತ್ತರದಲ್ಲಿ ಎಂದು ಸಾಫ್ಟ್‌ವೇರ್ ಕೇಳುವುದಿಲ್ಲ. ಒಂದು ಕಟ್ಟೆ, ನಾಲ್ಕು ಮೆಟ್ಟಿಲು, ಕೆಲವು ಮೀಟರು ಹೆಚ್ಚು ಕೇಬಲ್ಲು, ಇಷ್ಟೇ ಖರ್ಚು. ಹೊಸ ಕಟ್ಟಡದಲ್ಲಿ ಫ್ಲಾಟು ಕೊಳ್ಳುವವರು ಅಡುಗೆಮನೆಯ ಗ್ರಾನೈಟು ನೋಡುವ ಮೊದಲು ಈ ಪ್ಯಾನೆಲ್ ಬೋರ್ಡು ಎಲ್ಲಿದೆ ನೋಡಬೇಕೆಂದು ನನ್ನ ಅಭಿಪ್ರಾಯ.

ಕಟ್ಟುವ ಹಂತದಲ್ಲೇ ಚಂಡಮಾರುತ ಬಂದರೆ? 2023ರ ಡಿಸೆಂಬರ್ 4ರಂದು, ಮಿಚಾಂಗ್ ಚಂಡಮಾರುತದ ಮಳೆಯಲ್ಲಿ, ವೇಳಚ್ಚೇರಿಯಲ್ಲಿ ಕಟ್ಟಡಕ್ಕಾಗಿ ತೋಡಿದ್ದ ಆಳವಾದ ಗುಂಡಿಯ ಬದಿ ಕುಸಿದು ಇಬ್ಬರು ಅದರೊಳಗೆ ಸಿಕ್ಕಿ ಸತ್ತರು. ಅಗೆದ ಗುಂಡಿಯ ಬದಿಗೆ ಆಸರೆ, ನೀರು ಹೊರಹಾಕುವ ಪಂಪು, ಸಾರುವೆ, ಕ್ರೇನು ಇವೆಲ್ಲ ಕಟ್ಟಡ ಮುಗಿದ ಮೇಲೆ ಕಾಣದ ವಸ್ತುಗಳು. ಕಾಣದ್ದಕ್ಕೆ ಎಸ್ಟಿಮೇಟಿನಲ್ಲಿ ಬಹಳ ಸಲ ಸಿಗುವುದು ಒಟ್ಟು ಮೊತ್ತದ ಮೇಲೆ ಇಷ್ಟು ಶೇಕಡ ಎಂಬ ಒಂದು ಸಾಲು. ಆ ಸಾಲಿನಲ್ಲೇ ಕಾವಲುಗಾರನ ಗುಡಿಸಲು, ಅದರಲ್ಲೇ ಗುದ್ದಲಿ ಪೂಜೆಯ ಪೆಂಡಾಲು.

ಇನ್ನೊಂದು ಸಣ್ಣ ವಿಷಯ, ಆದರೆ ದುಬಾರಿ. ಉತ್ತರದವರು ತಯಾರಿಸಿದ ಸಾಫ್ಟ್‌ವೇರಿನ ಕ್ಯಾಲೆಂಡರಿನಲ್ಲಿ ಮಳೆಗಾಲ ಎಂದರೆ ಜೂನಿನಿಂದ ಸೆಪ್ಟೆಂಬರ್. ನಮಗಿಲ್ಲಿ ಅಕ್ಟೋಬರಿನಿಂದ ಡಿಸೆಂಬರ್. ಅದನ್ನು ತಿದ್ದದೆ ಹಾಗೆಯೇ ಒತ್ತಿದರೆ ಜೂನಿನಲ್ಲಿ ಕೆಲಸವಿಲ್ಲದೆ ಕೂತು, ನವೆಂಬರಿನಲ್ಲಿ ಅಡಿಪಾಯ ತೋಡುವ ಯೋಜನೆ ಅಚ್ಚುಕಟ್ಟಾಗಿ ಬಣ್ಣಬಣ್ಣದ ಗೆರೆಗಳಲ್ಲಿ ಹೊರಬರುತ್ತದೆ. ಕೇಂದ್ರ ಲೋಕೋಪಯೋಗಿ ಇಲಾಖೆಯ ದರಪಟ್ಟಿಯ ಹೆಸರೇ ದೆಹಲಿ ದರಪಟ್ಟಿ. ಅದರ ದರವನ್ನು ಊರಿಗೆ ತಕ್ಕಂತೆ ಹೊಂದಿಸುವ ಪದ್ಧತಿ ಇದೆ, ಎಲ್ಲರೂ ಹೊಂದಿಸುತ್ತಾರೆ. ಊರಿನ ಗಾಳಿಗೆ ತಕ್ಕಂತೆ ಬಾಬ್ತುಗಳನ್ನು ಹೊಂದಿಸುವವರು ಕಡಿಮೆ.

ಸರಕಾರಗಳು ಈ ಪಾಠವನ್ನು ಕಲಿತಿಲ್ಲ ಎನ್ನುವಂತಿಲ್ಲ. 1999ರ ಅಕ್ಟೋಬರ್ 29ರ ಮಹಾ ಚಂಡಮಾರುತದಲ್ಲಿ ಒಡಿಶಾದಲ್ಲಿ ಸುಮಾರು ಹತ್ತು ಸಾವಿರ ಜನ ಸತ್ತರು. 2013ರ ಅಕ್ಟೋಬರಿನಲ್ಲಿ ಫೈಲಿನ್ ಬಂದಾಗ ಸತ್ತವರು ಐವತ್ತಕ್ಕೂ ಕಡಿಮೆ. ಮುನ್ಸೂಚನೆ ಸುಧಾರಿಸಿತ್ತು, ಲಕ್ಷಗಟ್ಟಲೆ ಜನರನ್ನು ಮೊದಲೇ ಸ್ಥಳಾಂತರಿಸಿದ್ದರು, ಅವರನ್ನು ಇರಿಸಲು ಕಂಬಗಳ ಮೇಲೆ ಎತ್ತರಿಸಿ ಕಟ್ಟಿದ ಆಶ್ರಯ ಕಟ್ಟಡಗಳಿದ್ದವು. ಬೇರೆ ದಿನಗಳಲ್ಲಿ ಅವುಗಳಲ್ಲಿ ಶಾಲೆ ನಡೆಯುತ್ತದೆ. ಐ.ಎಸ್. 875ರ 2015ರ ಪರಿಷ್ಕರಣೆಯಲ್ಲಿ ಪೂರ್ವ ಕರಾವಳಿ ಮತ್ತು ಗುಜರಾತಿನ ತೀರಕ್ಕೆ, ಚಂಡಮಾರುತದ ನಂತರವೂ ನಿಂತಿರಲೇಬೇಕಾದ ಆಸ್ಪತ್ರೆ, ಆಶ್ರಯ ಕಟ್ಟಡಗಳಂಥವುಗಳಿಗೆ ಗಾಳಿಯ ವೇಗವನ್ನು 1.3 ಪಟ್ಟು ಹಿಡಿಯಬೇಕೆಂದು ಸೇರಿಸಿದರು. ಕಾರ್ಖಾನೆಗಳಿಗೆ 1.15. ವರ್ಗದ ಲೆಕ್ಕದಲ್ಲಿ 1.3 ಪಟ್ಟು ವೇಗವೆಂದರೆ ಶೇಕಡ 69 ಹೆಚ್ಚು ಒತ್ತಡ. ಸಾಮಾನ್ಯ ಮನೆಗಳಿಗೆ ಮಾತ್ರ 1. ಸಣ್ಣ ಮನೆಗಳಿಗೆಂದೇ ಐ.ಎಸ್. 15498 ಎಂಬ ಮಾರ್ಗದರ್ಶಿ 2004ರಿಂದ ಇದೆ. ಅದನ್ನು ಓದಿದ ಮೇಸ್ತ್ರಿ ನನಗಿನ್ನೂ ಸಿಕ್ಕಿಲ್ಲ. ಎಂಜಿನಿಯರುಗಳೂ ಹೆಚ್ಚು ಸಿಕ್ಕಿಲ್ಲ ಎಂದು ಮೆಲ್ಲಗೆ ಹೇಳುತ್ತೇನೆ.

ಹಾಗಾದರೆ ಏನು ಮಾಡಬೇಕು ಎನ್ನುತ್ತೀರಿ. ಸಾಫ್ಟ್‌ವೇರಿನ ನಿಜವಾದ ಉಪಕಾರವನ್ನು ಪಡೆಯಿರಿ. ನಮ್ಮ ಪೆನ್ಸಿಲ್ ಕಾಲದಲ್ಲಿ ಮಾಲೀಕರು ಇನ್ನೊಂದು ರೀತಿಯಲ್ಲಿ ಮಾಡಿದರೆ ಎಷ್ಟಾಗುತ್ತದೆ ಎಂದು ಕೇಳಿದರೆ ನಮಗೆ ಮೈ ಉರಿಯುತ್ತಿತ್ತು, ಏಕೆಂದರೆ ಮತ್ತೆ ನಾಲ್ಕು ದಿನದ ಕೆಲಸ. ಈಗ ಹತ್ತು ನಿಮಿಷ. ಆದ್ದರಿಂದ ಯಾವಾಗಲೂ ಎರಡು ಎಸ್ಟಿಮೇಟ್ ಕೇಳಿ. ಒಂದು ಮಾಮೂಲಿನದು. ಇನ್ನೊಂದು ನಿಮ್ಮೂರಿನ ಗಾಳಿಯ ವೇಗ ಬರೆದು, ಸ್ಕ್ರೂ, ಕಂಬದ ಬುಡದ ಬೋಲ್ಟು, ಕಬ್ಬಿಣದ ಪಟ್ಟಿ, ಅಡ್ಡಬಿಗಿತ, ಪ್ಯಾನೆಲ್ಲಿನ ಕಟ್ಟೆ ಇವನ್ನೆಲ್ಲ "ಸೇರಿದಂತೆ" ಎನ್ನದೆ ಬೇರೆ ಬೇರೆ ಬಾಬ್ತಾಗಿ, ಸಂಖ್ಯೆ ಹಾಕಿ ತೋರಿಸಿದ್ದು. ಎರಡನ್ನೂ ಪಕ್ಕಪಕ್ಕ ಇಟ್ಟು ನೋಡಿ. ವ್ಯತ್ಯಾಸ ನೀವು ಹೆದರಿದ್ದಕ್ಕಿಂತ ಬಹಳ ಕಡಿಮೆ ಇರುತ್ತದೆ. ಕೆಲಸ ಒಪ್ಪಿಸುವಾಗ ಎರಡನೆಯದನ್ನೇ ಕರಾರಿಗೆ ಲಗತ್ತಿಸಿ. ಬೇರೆ ಬಾಬ್ತಾಗಿ ಬರೆದದ್ದನ್ನು ಕಂಟ್ರಾಕ್ಟರು ಬಿಲ್ಲಿನಲ್ಲಿ ತೋರಿಸಲೇಬೇಕು, ತೋರಿಸಿದ್ದನ್ನು ನೀವು ಏಣಿ ಹತ್ತಿ ಎಣಿಸಬಹುದು. ನಮ್ಮ ಸದಸ್ಯರ ಸೋದರಳಿಯ ಹುಷಾರಿನ ಹುಡುಗ. ವಿಷಯ ತಿಳಿಸಿದ ಸಂಜೆಯೇ 33ನ್ನು 50 ಮಾಡಿ ಹೊಸ ಪಟ್ಟಿ ಕಳಿಸಿದ. ಹತ್ತು ಕಂಬಕ್ಕೂ ನಾಲ್ಕು ನಾಲ್ಕು ಬೋಲ್ಟು, ಅವು ಚಾವಣಿಯ ತೊಲೆಯೊಳಕ್ಕೇ ಇಳಿಯುವಂತೆ. ತಾರಸಿಯ ಮೋಟುಗೋಡೆಯ ಮೇಲೆ ನಿಲ್ಲಿಸಲು ಬರೆದಿದ್ದ ಎರಡು ಕಂಬಗಳನ್ನು ತಾನಾಗಿಯೇ ಒಳಕ್ಕೆ ಸರಿಸಿದ್ದ.

ಕೊನೆಯದಾಗಿ, ಪಲ್ಲಾವರದ ಓದುಗರೊಬ್ಬರು ಕಳಿಸಿದ ಪ್ರಶ್ನೆಗೆ ಉತ್ತರ ಬಾಕಿ ಇದೆ. ತಾರಸಿಯ ಪ್ಲಾಸ್ಟಿಕ್ ನೀರಿನ ಟ್ಯಾಂಕನ್ನು ಚಂಡಮಾರುತದ ಮುಂಚೆ ಖಾಲಿ ಮಾಡಬೇಕೇ, ತುಂಬಿಸಬೇಕೇ ಎಂದು ಅವರು ಕೇಳಿದ್ದಾರೆ. ತುಂಬಿಸಿ. 1,000 ಲೀಟರು ನೀರೆಂದರೆ ಒಂದು ಟನ್ ಭಾರ, ಖಾಲಿ ಟ್ಯಾಂಕು ಗಾಳಿಗೆ ಬುಗುರಿ. ಮುಚ್ಚಳವನ್ನು ಹಗ್ಗದಿಂದ ಬಿಗಿಯಾಗಿ ಕಟ್ಟಿ. ಕರೆಂಟು ಹೋದ ಮೇಲೆ ಅದೇ ನೀರು ಎರಡು ಮೂರು ದಿನಕ್ಕೆ ಒದಗುತ್ತದೆ.